ನನ್ನ ರಿಮೋಟ್ ಕಾರಿನ ನೋಟ್‌ಬುಕ್

ಮಾಮಾ ಕೊಟ್ಟ ರಿಮೋಟ್ ಕಾರಿನ ಮೊದಲ ಬ್ಯಾಟರಿ ಉಬ್ಬಿತು. ಯಾವಾಗ ಚಾರ್ಜ್ ಮಾಡಿದ್ದೆ ಎಂಬುದೇ ನೆನಪಿರಲಿಲ್ಲ. ಹೊಸದಕ್ಕೆ ನನ್ನ ಈದಿಯೆಲ್ಲ ಖರ್ಚಾಯಿತು. ಈಗ ಹಳೆಯ ಭೌತಶಾಸ್ತ್ರ ನೋಟ್‌ಬುಕ್‌ನ ಖಾಲಿ ಪುಟಗಳಲ್ಲಿ ಬರೆದಿಡುತ್ತೇನೆ: ದಿನಾಂಕ, ಎಷ್ಟು ನಿಮಿಷ ಓಡಿಸಿದೆ, ನಂತರ ಪ್ರತಿ ಸೆಲ್‌ನಲ್ಲಿ ಎಷ್ಟು ವೋಲ್ಟ್. ಲಿಥಿಯಂ ಪಾಲಿಮರ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. 3ಕ್ಕಿಂತ ಕೆಳಗಿಳಿದರೆ ಕೆಡುತ್ತದೆ. ಪರೀಕ್ಷೆ ಮುಗಿಯುವವರೆಗೆ ಎತ್ತಿಡುವುದಾದರೆ 3.8ರ ಸುತ್ತ ಇರಬೇಕು. ಮೊದಲನೆಯದನ್ನು ಬಹುಶಃ ಪೂರ್ತಿ ತುಂಬಿಸಿಯೇ ಇಟ್ಟಿದ್ದೆ!

ನಿಡಗುಂದಿಯ ಎರೆಮಣ್ಣಿನ ಧೂಳು ಬೇರಿಂಗಿನೊಳಗೆ ಸೇರುತ್ತದೆ. ಆದ್ದರಿಂದ ಒರೆಸಿ ಎಣ್ಣೆ ಬಿಟ್ಟ ದಿನವನ್ನೂ ಬರೆಯುತ್ತೇನೆ.

ಕಳೆದ ತಿಂಗಳು ಎರಡು ಸೆಲ್‌ಗಳ ವ್ಯತ್ಯಾಸ 0.1, ಆಮೇಲೆ 0.2, ಆಮೇಲೆ 0.3 ವೋಲ್ಟ್ ಎಂದು ಬರೆದಿದ್ದು ಕಣ್ಣಿಗೆ ಬಿತ್ತು. ಅದು ಉಬ್ಬುವ ಮೊದಲೇ ಓಡಿಸುವುದನ್ನು ನಿಲ್ಲಿಸಿದೆ.