ಲೇಸರ್‌ಗಿಂತ ಮೊದಲು ಮೈಕ್ರೋಸ್ಕೋಪು

ಪಿಜಿ ಕೌನ್ಸೆಲಿಂಗ್ ಶುರುವಾದರೆ ರೇಡಿಯಾಲಜಿಯ ಜೊತೆಜೊತೆಗೇ ಖಾಲಿಯಾಗುವುದು ಚರ್ಮರೋಗದ ಸೀಟು. ರಾತ್ರಿ ಪಾಳಿಯ ಕಾಟ ಕಡಿಮೆ, ತುರ್ತು ಕರೆ ಅಪರೂಪ, ಬೆಂಗಳೂರಿನಲ್ಲೊಂದು ಲೇಸರ್ ಕ್ಲಿನಿಕ್ ಇಟ್ಟರೆ ಸಂಪಾದನೆಗೆ ಮೋಸವಿಲ್ಲ ಎಂಬ ಲೆಕ್ಕಾಚಾರ. ಲೆಕ್ಕ ತಪ್ಪೇನಲ್ಲ. ಆದರೆ ಎಂ.ಡಿ. ಮುಗಿಸಿದ ಹೊಸತರಲ್ಲಿ ಸರ್ಕಾರಿ ಸೇವೆಗೆಂದೋ ಕೆಲಸ ಹುಡುಕಿಕೊಂಡೋ ಕೊಡಗಿಗೆ ಬಂದಿಳಿದವರ ಮುಂದೆ ಕೂರುವ ರೋಗಿಗಳೇ ಬೇರೆ. ಎರಡು ಮೂರು ವರ್ಷ ಇಲ್ಲಿದ್ದು ಹೋಗುವುದು ಯಾವ ಫೆಲೋಶಿಪ್‌ಗೂ ಕಡಿಮೆಯಲ್ಲ ಎಂದೇ ನನ್ನ ವಾದ.

ಮೊದಲನೆಯದು ಕೇಳುವ ಕಲೆ. ಒಂದೇ ಬೆಳಗಿನ ಸಾಲಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವರ ಮಾತು ಕಿವಿಗೆ ಬೀಳುತ್ತವೆ. ಈಚೆಗೆ ಅಸ್ಸಾಮಿ, ಬಂಗಾಳಿಯೂ ಸೇರಿವೆ. ‘ಏನು ತೊಂದರೆ’ ಎಂಬುದಕ್ಕಿಂತ ‘ಏನು ಕೆಲಸ’ ಎಂದು ಕೇಳಿದರೆ ಅರ್ಧ ರೋಗ ಗೊತ್ತಾಗುತ್ತದೆ. ತೋಟದಲ್ಲಿ ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಮಾಡಿದವನ ಮುಂಗೈ ಮೇಲಿನ ಗುಳ್ಳೆ ಹೊಳೆಗೇರು ಮರದ ಸೊನೆಯದ್ದಿರಬಹುದು. ಕುತ್ತಿಗೆಯ ಮೇಲೆ ಬೆಳಗ್ಗೆ ಎದ್ದಾಗ ಕಂಡ ಉರಿ ಗೀರು ಸರ್ಪಸುತ್ತಲ್ಲ, ದೀಪಕ್ಕೆ ಬಂದ ಪುಟ್ಟ ಹುಳುವನ್ನು ನಿದ್ದೆಗಣ್ಣಲ್ಲಿ ಉಜ್ಜಿದ ಗುರುತು. ಮುಖ, ಕುತ್ತಿಗೆ, ಮೊಣಕೈ ಸಂದುಗಳಲ್ಲಿ ವರ್ಷಗಟ್ಟಲೆ ತುರಿಸಿಕೊಂಡು ಚರ್ಮ ದಪ್ಪಗಾದ ಹಿರಿಯರು ಬಯಲುಸೀಮೆಯ ಅಂಚಿನವರಾದರೆ ಕಾಂಗ್ರೆಸ್ ಗಿಡವನ್ನು ನೆನೆಯಿರಿ. ಬಿಹಾರ, ಬಂಗಾಳದ ಕಡೆಯಿಂದ ಬಂದವರ ಮೈಮೇಲೆ ಬಿಳಿಚು ಮಚ್ಚೆ, ಗಂಟು ಕಂಡರೆ ಕುಷ್ಠದ ಜೊತೆಗೆ ಕಾಲಾ ಅಜಾರ್ ವಾಸಿಯಾದ ಮೇಲೆ ಏಳುವ ಚರ್ಮರೋಗವೂ ತಲೆಯಲ್ಲಿರಲಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದೆಂಬ ಮಾತೇ ಇಲ್ಲ. ಗಂಬೂಟಿನೊಳಗೆ ದಿನವಿಡೀ ನೆಂದ ಬೆರಳ ಸಂದು ಬೆಳ್ಳಗೆ ಮೆತ್ತಗಾಗಿ ಬಿರಿದಿರುತ್ತದೆ. ಅಂಥವರಿಗೆ ‘ಕಾಲು ಒಣಗಿಸಿಟ್ಟುಕೊಳ್ಳಿ’ ಎಂದು ಚೀಟಿಯಲ್ಲಿ ಬರೆದರೆ ನಕ್ಕು ಎದ್ದು ಹೋಗುತ್ತಾರೆ. ರಾತ್ರಿಯಾದರೂ ಬೆರಳ ನಡುವೆ ಹತ್ತಿ ಇಡಿ, ಒಳಉಡುಪನ್ನು ಒಲೆಯ ಮೇಲೆ ಕಾಯಿಸಿ ಹಾಕಿ ಎಂದರೆ ಕೇಳಿಯಾರು.

ಹುಳುಕಡ್ಡಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಹತ್ತು ಹನ್ನೆರಡು ವರ್ಷಗಳಿಂದ ದೇಶದ ತುಂಬ ಇದು ಹಟ ಹಿಡಿದು ಕೂತಿದೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂದು ಹೆಸರು ಪಡೆದ ಶಿಲೀಂಧ್ರಕ್ಕೆ ಟರ್ಬಿನಾಫಿನ್ ಮಾತ್ರೆ ಅನೇಕ ಸಲ ನಾಟುವುದೇ ಇಲ್ಲ. ಅದರ ಮೇಲೆ ಮೆಡಿಕಲ್ ಶಾಪಿನ ಮಿಶ್ರ ಮುಲಾಮು: ಸ್ಟೆರಾಯ್ಡ್, ಆ್ಯಂಟಿಬಯೊಟಿಕ್, ಶಿಲೀಂಧ್ರನಾಶಕ ಎಲ್ಲ ಒಂದೇ ಟ್ಯೂಬಿನಲ್ಲಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಎರಡು ತಿಂಗಳಿಗೆ ಸೊಂಟದಿಂದ ತೊಡೆಗೆ ಹಬ್ಬಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಈ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕೌಂಟರಿನಲ್ಲಿ ಅದನ್ನು ಲೆಕ್ಕಕ್ಕಿಟ್ಟವರು ಕಡಿಮೆ. ಹೊಸ ವೈದ್ಯರು ಬಳಸಿದ ಟ್ಯೂಬನ್ನೇ ತರಿಸಿ ನೋಡಬೇಕು. ಹೊಟ್ಟು ಕೆರೆದು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು, ಮೈಕ್ರೋಸ್ಕೋಪಿನಡಿ ಎಳೆಗಳನ್ನು ರೋಗಿಗೂ ತೋರಿಸಬೇಕು. ಲಕ್ಷಾಂತರದ ಲೇಸರ್‌ಗೆ ಸಾಲ ತೆಗೆಯುವ ಮುನ್ನ ಈ ಒಂದು ಉಪಕರಣ ಕೊಳ್ಳಿ. ಮಳೆಗಾಲದ ಕರೆಂಟಿನಲ್ಲಿ ಲೇಸರ್ ಓಡುವುದೂ ಅಷ್ಟಕ್ಕಷ್ಟೇ, ಕಂತು ಮಾತ್ರ ತಪ್ಪದೆ ಬರುತ್ತದೆ.

ಕಜ್ಜಿಗೆ ಚೀಟಿ ಒಬ್ಬರ ಹೆಸರಿಗೆ ಬರೆದು ಪ್ರಯೋಜನವಿಲ್ಲ. ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಯಲ್ಲಿ ಒಂದು ಗೋಡೆಯ ಆಚೆ ಇನ್ನೊಂದು ಸಂಸಾರ. ತೋಟದ ರೈಟರ್‌ಗೆ ಫೋನ್ ಮಾಡಿ, ಇಡೀ ಲೈನಿನವರು ಒಂದೇ ರಾತ್ರಿ ಪರ್ಮೆಥ್ರಿನ್ ಹಚ್ಚಿ, ವಾರ ಬಿಟ್ಟು ಇನ್ನೊಮ್ಮೆ ಹಚ್ಚುವಂತೆ ನೋಡಿಕೊಳ್ಳಿ. ಬಟವಾಡೆಯ ದಿನವೋ ಸಂತೆಯ ದಿನವೋ ಎಲ್ಲರೂ ಸಿಗುತ್ತಾರೆ. ಇದು ಯಾವ ಪರೀಕ್ಷೆಯಲ್ಲೂ ಅಂಕ ತರದ ವಿದ್ಯೆ.

ಕುಷ್ಠವನ್ನು ಭಾರತ 2005ರ ಕೊನೆಗೆ ಸಾರ್ವಜನಿಕ ಆರೋಗ್ಯ ಸಮಸ್ಯೆಯ ಪಟ್ಟಿಯಿಂದ ಇಳಿಸಿತು. ಅಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಅಷ್ಟೇ, ರೋಗ ಹೋಗಿಲ್ಲ. ಹತ್ತಿಯ ಎಳೆಯಿಂದ ಮಚ್ಚೆ ಮುಟ್ಟಿ ನೋಡುವುದು, ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ ಎಂದು ಬೆರಳಲ್ಲಿ ಹುಡುಕುವುದು ರೂಢಿಯಾಗಲಿ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಮೇಲೆ ವಾಟ್ಸ್‌ಆ್ಯಪ್ ಫೋಟೊ ನೋಡಿ ಔಷಧಿ ಹೇಳುವುದು ಸಲೀಸಾಗಿದೆ. ಆದರೆ ಸ್ಪರ್ಶಜ್ಞಾನ ಹೋಗಿದೆಯೋ ಇಲ್ಲವೋ ಎಂದು ಯಾವ ಫೋಟೊ ಹೇಳೀತು?

ಚರ್ಮದಲ್ಲಿ ಏನೇ ಕಂಡರೂ ನಾಗದೋಷವೆಂದು ಬೆಟ್ಟದಾಚೆಯ ಕುಕ್ಕೆಗೆ ಹರಕೆ ಹೊತ್ತು ಬಂದವರನ್ನು ಗೇಲಿ ಮಾಡಬೇಡಿ. ಹರಕೆಯೂ ತೀರಲಿ, ಮಾತ್ರೆಯೂ ತಪ್ಪದಿರಲಿ ಎಂದರೆ ತಿಂಗಳ ಮೇಲೆ ಮತ್ತೆ ಬರುತ್ತಾರೆ. ಬೈದರೆ ಮೆಡಿಕಲ್ ಶಾಪಿಗೇ ವಾಪಸು.

ದುಡ್ಡಿನ ಮಾತು ಮುಚ್ಚಿಡುವುದೇಕೆ? ನಗರದ ಗೆಳೆಯರಷ್ಟು ಗಳಿಕೆ ಇಲ್ಲಿ ಮೊದಲಿಗೆ ಆಗದು. ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳಿಗೆ ವಾರದ ದಿನ ಹಂಚಿಕೊಂಡು ಓಡಾಡಬೇಕು. ಮದುವೆ ಸೀಸನ್ನಿನಲ್ಲಿ ಹದಿನೈದು ದಿನಕ್ಕೆ ಮುಖ ಬೆಳಗಿಸಿ ಎಂದು ಬರುವವರೂ ಇದ್ದಾರೆ. ಮೊಡವೆ, ಬಂಗಿಗೆ ಚಿಕಿತ್ಸೆ ಕೊಡಿ, ಬೆಳ್ಳಗಾಗಿಸುವ ಇಂಜೆಕ್ಷನ್ನಿಗೆ ಮಾತ್ರ ಕೈ ಹಾಕಬೇಡಿ. ಸಣ್ಣ ಊರಿನಲ್ಲಿ ಒಂದು ಮುಖ ಕೆಟ್ಟರೆ ಸುದ್ದಿ ನಿಮಗಿಂತ ಮೊದಲು ಸಂತೆ ತಲುಪಿರುತ್ತದೆ.

ಕೊನೆಯದಾಗಿ ತುರ್ತು. ಚರ್ಮರೋಗದಲ್ಲಿ ಅದು ಇಲ್ಲವೆಂದವರು ಫಿಟ್ಸ್ ಮಾತ್ರೆಗೆ ಮೈಯೆಲ್ಲ ಸುಲಿದು, ಬಾಯಿ ಕಣ್ಣು ಹುಣ್ಣಾದ ರೋಗಿಯನ್ನು ನೋಡಿಲ್ಲ. ಅನುಮಾನದ ಮಾತ್ರೆ ಆ ಕ್ಷಣವೇ ನಿಲ್ಲಿಸಿ, ಡ್ರಿಪ್ ಹಾಕಿ, ಐಸಿಯು ಇರುವಲ್ಲಿಗೆ ಕಳಿಸಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಮಂಗಳೂರು ಅದಕ್ಕಿಂತ ತುಸು ದೂರ, ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೇ ಬಂದ್ ಆಗಿತ್ತು. ಎರಡೂ ಊರಿನ ಹಿರಿಯ ಚರ್ಮವೈದ್ಯರನ್ನು ಮೇ ತಿಂಗಳಲ್ಲೇ ಕಂಡು ಮಾತಾಡಿ, ನಂಬರು ಇಸಿದುಕೊಂಡಿರಿ.