ಉತ್ತರ ಬರೆದಿರಿ, ಹೋಯಿತೆಲ್ಲಿಗೆ?

ಯರಗಟ್ಟಿಯ ಕೂಡುರಸ್ತೆಗೆ ಬಂದ ಹೊಸಬರು ಮೊದಲು ನೋಡುವುದು ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು. ಒಂದು ದಾರಿ ಬೆಳಗಾವಿಗೆ, ಅದರ ಎದುರಿನದು ಲೋಕಾಪುರದ ಮೇಲೆ ಬಾಗಲಕೋಟೆಗೆ, ಇನ್ನೊಂದು ಗೋಕಾಕಕ್ಕೆ, ಮತ್ತೊಂದು ಸವದತ್ತಿ ದಾಟಿ ಧಾರವಾಡಕ್ಕೆ. ಬೋರ್ಡು ಓದದೆ ಹತ್ತಿದವನಿಗೆ ಕಂಡಕ್ಟರ್ ಬಂದು ಟಿಕೀಟು ಕೇಳಿದಾಗಲೇ ತಾನು ಎತ್ತ ಹೊರಟಿದ್ದೇನೆ ಎಂಬುದು ತಿಳಿಯುವುದು! ಇ-ಮೇಲ್‌ಗೆ ಉತ್ತರ ಬರೆಯುವವರ ಪಾಡೂ ಇದೇ. ಆದರೆ ಅಲ್ಲಿ ಕಂಡಕ್ಟರ್ ಇಲ್ಲ.

ನಮ್ಮ ದೇಶದ ಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಆಗ ಇ-ಮೇಲ್ ಎಂದರೆ ಮಹಾನಗರದವರ ಮಾತು. ಮೊದಲು ಸವದತ್ತಿ ತಾಲ್ಲೂಕಿಗೆ ಸೇರಿದ್ದ ಯರಗಟ್ಟಿ ಈಗ ತಾನೇ ತಾಲ್ಲೂಕು ಕೇಂದ್ರ. ಇಲ್ಲಿನ, ಪಕ್ಕದ ಬೈಲಹೊಂಗಲ, ರಾಮದುರ್ಗ ಕಡೆಯ ಹುಡುಗ ಹುಡುಗಿಯರ ನೌಕರಿ ಅರ್ಜಿ, ವಿದ್ಯಾರ್ಥಿವೇತನ, ಬ್ಯಾಂಕು, ವಿಮೆ ಎಲ್ಲದಕ್ಕೂ ಇ-ಮೇಲ್ ವಿಳಾಸ ಬೇಕೇ ಬೇಕು. ‘ಸಂದರ್ಶನಕ್ಕೆ ಬರುವಿರಾದರೆ ಮೂರು ದಿನದೊಳಗೆ ಒಪ್ಪಿಗೆ ತಿಳಿಸಿ’ ಎಂದು ಪತ್ರ ಬರುತ್ತದೆ. ಕೆಳಗೊಂದು ನೀಲಿ ಅಕ್ಷರದ ಕೊಂಡಿ. ‘ಅಣ್ಣಾರ, ಎಷ್ಟ ಒತ್ತಿದ್ರೂ ಏನೂ ಆಗವಲ್ದ್ರಿ’ ಎಂಬ ಗೋಳು ಯಾವ ಕಂಪ್ಯೂಟರ್ ಸೆಂಟರಿಗೂ ಹೊಸದಲ್ಲ. ಗಡುವು ಮುಗಿಯುತ್ತದೆ. ಅಭ್ಯರ್ಥಿಗೆ ಆಸಕ್ತಿಯಿಲ್ಲ ಎಂದು ಆ ಕಡೆಯವರು ಬರೆದುಕೊಳ್ಳುತ್ತಾರೆ. ಆಸಕ್ತಿ ಇತ್ತು. ಕೆಟ್ಟಿದ್ದು ದಾರಿ.

ಎರಡು ವಿಳಾಸಗಳ ಆಟ

ಅಂಚೆ ಇಲಾಖೆಯ ಹಳೆಯ ಜವಾಬು ಕಾರ್ಡನ್ನು ಹಿರಿಯರು ಬಲ್ಲರು. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಒಂದರಲ್ಲಿ ಸುದ್ದಿ, ಇನ್ನೊಂದರ ಮೇಲೆ ಕಳಿಸುವವರೇ ಉತ್ತರದ ವಿಳಾಸ ಬರೆದಿಡುತ್ತಿದ್ದರು. ಪಡೆದವರು ಅದನ್ನು ಹರಿದು, ನಾಲ್ಕು ಸಾಲು ಗೀಚಿ ಡಬ್ಬಿಗೆ ಹಾಕಿದರೆ ಮುಗಿಯಿತು. ಉತ್ತರ ಹೋಗುತ್ತಿದ್ದುದು ಪತ್ರದ ಕೊನೆಯ ಸಹಿಗಲ್ಲ, ಎರಡನೆಯ ಕಾರ್ಡಿನ ವಿಳಾಸಕ್ಕೆ.

ಇ-ಮೇಲ್‌ನಲ್ಲೂ ಅಂಥದೇ ಎರಡನೆಯ ಕಾರ್ಡು ಇದೆ. ಕಳಿಸಿದವರ ಹೆಸರು, ವಿಳಾಸ ಕಾಣುವ ಸಾಲಿಗೆ ‘ಫ್ರಮ್’ ಎಂದು ಹೆಸರು. ಇದರ ಹಿಂದೆ ‘ರಿಪ್ಲೈ-ಟು’ ಎಂಬ ಇನ್ನೊಂದು ಸಾಲು ಅಡಗಿರಬಹುದು. ಅದು ಇದ್ದರೆ ನಿಮ್ಮ ಉತ್ತರ ಅಲ್ಲಿಗೆ, ಇಲ್ಲದಿದ್ದರೆ ‘ಫ್ರಮ್’ ವಿಳಾಸಕ್ಕೆ. 1982ರಲ್ಲಿ ಡೇವಿಡ್ ಕ್ರಾಕರ್ ಸಿದ್ಧಪಡಿಸಿದ ಆರ್‌ಎಫ್‌ಸಿ 822 ಎಂಬ ನಿಯಮಾವಳಿಯಲ್ಲೇ ಈ ಏರ್ಪಾಡು ಇದೆ. ಸಾಹೇಬರು ಬರೆಸಿದ ಪತ್ರಕ್ಕೆ ಜವಾಬು ಗುಮಾಸ್ತರ ಮೇಜಿಗೆ ಬರಲಿ ಎನ್ನುವಂಥ ಅನುಕೂಲಕ್ಕಾಗಿ ಮಾಡಿದ್ದು.

ಕಳ್ಳರಿಗೂ ಅದೇ ಅನುಕೂಲ! ಮೇಲೆ ಬ್ಯಾಂಕಿನ ಹೆಸರು, ಉತ್ತರ ಹೋಗುವುದು ಯಾವುದೋ ಪರದೇಶಿ ಪೆಟ್ಟಿಗೆಗೆ. ಆದ್ದರಿಂದ ‘ರಿಪ್ಲೈ’ ಒತ್ತಿದ ಮೇಲೆ ಬರೆಯಲು ಅವಸರಪಡದೆ, ಮೇಲಿನ ‘ಟು’ ಸಾಲಿನ ಹೆಸರಿನ ಮೇಲೆ ಒಮ್ಮೆ ಬೆರಳಿಡಿ. ಪೂರ್ಣ ವಿಳಾಸ ತೆರೆದುಕೊಳ್ಳುತ್ತದೆ. ‘@’ ಗುರುತಿನ ನಂತರದ ಭಾಗವನ್ನು ಅಕ್ಷರ ಅಕ್ಷರ ಓದಿ. ಸರ್ಕಾರಿ ಕಚೇರಿಯ ಹೆಸರಿದ್ದು ವಿಳಾಸದ ಕೊನೆಗೆ ‘ಜಿಮೇಲ್’ ಇದ್ದರೆ ಆಧಾರ್, ಪಾಸ್‌ಬುಕ್ಕಿನ ವಿವರ ಕಳಿಸಬೇಡಿ; ಮೊದಲು ಕಚೇರಿಯಲ್ಲಿ ವಿಚಾರಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಒತ್ತಿದರೂ ತೆರೆಯದ ಕೊಂಡಿ

ಎಲ್ಲ ಕೊಂಡಿಗಳೂ ಒಂದೇ ಜಾತಿಯವಲ್ಲ. ಕೆಲವು ಒತ್ತಿದೊಡನೆ ಹೊಸ ಪತ್ರದ ಹಾಳೆಯನ್ನು ವಿಳಾಸ ಸಮೇತ ಬಿಡಿಸಿಡಬೇಕು. ಇವಕ್ಕೆ ‘ಮೇಲ್‌ಟು’ ಕೊಂಡಿ ಎನ್ನುತ್ತಾರೆ. ಆದರೆ ಆ ಕಂಪ್ಯೂಟರಿನಲ್ಲಿ ಪತ್ರದ ತಂತ್ರಾಂಶವನ್ನೇ ಅಣಿಗೊಳಿಸಿರದಿದ್ದರೆ ಹಾಳೆ ಬಿಚ್ಚುವವರು ಯಾರು? ಹತ್ತಾರು ಜನ ಬಳಸುವ ಸೆಂಟರಿನ ಯಂತ್ರಗಳಲ್ಲಿ ಇದು ಮಾಮೂಲು. ಪತ್ರ ಕೆಟ್ಟಿಲ್ಲ, ಕೊಂಡಿಯೂ ಕೆಟ್ಟಿಲ್ಲ. ಅದರ ಮೇಲೆ ಬಲಗುಂಡಿ ಒತ್ತಿ, ವಿಳಾಸ ನಕಲು ಮಾಡಿಕೊಂಡು, ನಿಮ್ಮ ಖಾತೆಯಲ್ಲಿ ಹೊಸ ಪತ್ರ ತೆರೆದು ಅಂಟಿಸಿದರಾಯಿತು.

ವೆಬ್ ಪುಟಕ್ಕೆ ಒಯ್ಯುವ ಕೊಂಡಿಗಳ ರೋಗ ಬೇರೆ. ಅವು ಉದ್ದುದ್ದ. ಪತ್ರದ ಸಾಲು 78 ಅಕ್ಷರ ಮೀರದಿರಲಿ ಎಂಬುದು ಇ-ಮೇಲ್‌ನ ಹಳೆಯ ಸಂಪ್ರದಾಯ. ಬರೀ ಅಕ್ಷರಗಳ ಪತ್ರದಲ್ಲಿ ಉದ್ದದ ಕೊಂಡಿ ನಡುವೆ ಮುರಿದು, ಅರ್ಧ ಮಾತ್ರ ನೀಲಿಯಾಗಿ ಉಳಿಯುವುದುಂಟು. ಎರಡೂ ತುಂಡನ್ನು ನಡುವೆ ಜಾಗ ಬಿಡದೆ ಜೋಡಿಸಿ ನೋಡಿ. ಕೆಲವು ಕೊಂಡಿಗಳಿಗೆ ಆಯುಷ್ಯ ಗೊತ್ತುಮಾಡಿರುತ್ತಾರೆ, ಕೆಲವು ಒಂದೇ ಸಲ ತೆರೆಯುತ್ತವೆ. ಅಂಥದನ್ನು ಅಣ್ಣನಿಗೆ ವಾಟ್ಸ್ಆಪ್‌ನಲ್ಲಿ ಕಳಿಸಿ, ಆತ ತೆರೆದು ನೋಡಿದ ಮೇಲೆ ನೀವು ಒತ್ತಿದರೆ ಉಪಯೋಗವಿಲ್ಲ.

ಗುಂಪಿನ ಪತ್ರಗಳದು ಇನ್ನೊಂದು ಫಜೀತಿ. ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದು ವಿಳಾಸ ಮಾಡಿಕೊಂಡಿರುತ್ತಾರೆ. ಅದಕ್ಕೆ ಬರೆದದ್ದು ಎಲ್ಲರಿಗೂ. 2014ರ ಏಪ್ರಿಲ್‌ನಲ್ಲಿ ಯಾಹೂ ಒಂದು ಬಿಗಿ ನಿಯಮ ತಂದಿತು. ತನ್ನ ವಿಳಾಸ ಹೊತ್ತ ಪತ್ರ ತನ್ನ ಕಡೆಯಿಂದಲೇ ಬಂದದ್ದೆಂದು ಖಾತ್ರಿಯಾಗದಿದ್ದರೆ ತಿರಸ್ಕರಿಸಿ ಎಂದು ಲೋಕಕ್ಕೆಲ್ಲ ಸಾರಿತು. ಕಳ್ಳಪತ್ರ ತಡೆಯಲು ಒಳ್ಳೆಯದೇ. ಆದರೆ ಒಬ್ಬರ ಪತ್ರವನ್ನು ಪಡೆದು ನೂರು ಜನಕ್ಕೆ ಹಂಚುವ ಗುಂಪಿನ ವ್ಯವಸ್ಥೆಗಳು ಕಂಗೆಟ್ಟವು. ಬರೆದವರ ವಿಳಾಸದ ಜಾಗದಲ್ಲಿ ಗುಂಪಿನ ವಿಳಾಸವನ್ನೇ ಹಾಕುವ ಪದ್ಧತಿ ಆಮೇಲೆ ಹೆಚ್ಚಿತು. ಹೀಗಾಗಿ ಗೆಳೆಯನೊಬ್ಬನಿಗೆಂದು ಬರೆದ ಸಾಲದ ಮಾತು ನೂರು ಮನೆ ತಲುಪಬಹುದು. ಇಲ್ಲಿಯೂ ‘ಟು’ ಸಾಲು ಓದುವುದೊಂದೇ ಮದ್ದು.

ಕನ್ನಡದಲ್ಲಿ ಉತ್ತರಿಸುವವರಿಗೆ ಇನ್ನೊಂದು ಮಾತು. ‘ನುಡಿ’ಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದನ್ನು ಪತ್ರಕ್ಕೆ ಅಂಟಿಸಿದರೆ, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪತ್ರ ತಲುಪಿಯೂ ತಲುಪಿದಂತಾಗಲಿಲ್ಲ! ಯುನಿಕೋಡ್ ಆಯ್ಕೆ ಮಾಡಿಕೊಂಡು ಬರೆದರೆ ಈ ಕಾಟವಿಲ್ಲ.

‘ನೋ-ರಿಪ್ಲೈ’ ಎಂಬ ಮೂಗರು

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ಗೋಡೆ ಉಳಿಯುತ್ತದೆ. ‘ನೋ-ರಿಪ್ಲೈ’ ಎಂಬ ವಿಳಾಸದಿಂದ ಬರುವ ಪತ್ರಗಳು. ನಾವು ಹೇಳುತ್ತೇವೆ, ನೀವು ಮಾತಾಡಬೇಡಿ ಎಂಬ ಧಾಟಿ. ಸಾವಿರಾರು ಜನರಿಗೆ ಒಮ್ಮೆಗೇ ಕಳಿಸುವವರಿಗೆ ಉತ್ತರಗಳ ಪ್ರವಾಹ ತಡೆಯುವ ಕಷ್ಟವಿದೆ, ಒಪ್ಪೋಣ. ಆದರೆ ಗಡುವು ಹಾಕುವವರು ಕೇಳುವ ಕಿವಿಯನ್ನೂ ಇಡಬೇಡವೇ? ಬೆಂಗಳೂರಿನ ಅಭ್ಯರ್ಥಿ ಆಟೋ ಹತ್ತಿ ಕಚೇರಿಗೇ ಹೋದಾನು. ಯರಗಟ್ಟಿಯ ಹುಡುಗಿಗೆ ಅದು ಒಂದು ದಿನದ ದುಡಿಮೆ, ಒಂದು ರಾತ್ರಿಯ ಪ್ರಯಾಣ. ಒಂದು ಫೋನ್ ನಂಬರು, ಮನುಷ್ಯರು ಓದುವ ಒಂದು ವಿಳಾಸ ಪತ್ರದ ಕೆಳಗೆ ಇದ್ದರೆ ಕಂಪನಿಗಳ ಗಂಟೇನೂ ಕರಗುವುದಿಲ್ಲ.

ಅಂಥ ಪತ್ರ ಬಂದರೆ, ಅರ್ಜಿ ಕರೆದ ಮೂಲ ಪ್ರಕಟಣೆಯಲ್ಲಿ ಕೊಟ್ಟ ವಿಳಾಸಕ್ಕೆ ಬೇರೆಯೇ ಪತ್ರ ಬರೆಯಿರಿ. ವಿಷಯದ ಸಾಲಿನಲ್ಲಿ ಅರ್ಜಿ ಸಂಖ್ಯೆ ಇರಲಿ. ಗಡುವಿನೊಳಗೆ ಬರೆದಿದ್ದೀರಿ ಎಂಬುದಕ್ಕೆ ‘ಸೆಂಟ್’ ಪೆಟ್ಟಿಗೆಯ ಪ್ರತಿ ಸಾಕ್ಷಿ, ಅಳಿಸಬೇಡಿ. ಪತ್ರ ತಲುಪಲಿಲ್ಲ ಎಂಬ ಇಂಗ್ಲಿಷ್ ಓಲೆ ವಾಪಸು ಬಂದರೆ ಅದನ್ನೂ ಎಸೆಯಬೇಡಿ, ಒಳಗೆ ಮೂರಂಕಿಯ ಸಂಖ್ಯೆ ಹುಡುಕಿ. 4ರಿಂದ ಶುರುವಾದರೆ ತೊಂದರೆ ತಾತ್ಕಾಲಿಕ, ಯಂತ್ರವೇ ಮತ್ತೆ ಮತ್ತೆ ಯತ್ನಿಸುತ್ತದೆ. 5ರಿಂದ ಶುರುವಾದರೆ ಅದು ಮತ್ತೆ ಯತ್ನಿಸುವುದಿಲ್ಲ. 550 ಎಂದಿದ್ದರೆ ಅಂಥ ಪೆಟ್ಟಿಗೆಯೇ ಇಲ್ಲ ಅಥವಾ ಪತ್ರವನ್ನು ಒಳಬಿಡಲಿಲ್ಲ ಎಂದು ಅರ್ಥ. ವಿಳಾಸದ ಕಾಗುಣಿತ ನೋಡಿ. 552 ಎಂದರೆ ಬಹುಮಟ್ಟಿಗೆ ಅವರ ಪೆಟ್ಟಿಗೆ ತುಂಬಿದೆ. ಅವರಿಗೇ ಫೋನ್ ಮಾಡಿ ತಿಳಿಸಿ.