ಅವತಾರವೂ ಅನ್ಯೋನ್ಯತೆಯೂ: ಕ್ರೈಸ್ತಮತದ ಎರಡು ಮಾತುಗಳು

ಧರ್ಮವಿಚಾರದಲ್ಲಿ ನೆರೆಹೊರೆಯವರು ಒಬ್ಬರನ್ನೊಬ್ಬರು ತಪ್ಪು ತಿಳಿಯುವುದು ಬೇರೆ ಬೇರೆ ಮಾತುಗಳನ್ನಾಡುವುದರಿಂದ ಮಾತ್ರವಲ್ಲ. ಒಂದೇ ಮಾತನ್ನು ಬೇರೆ ಬೇರೆ ಅರ್ಥದಲ್ಲಿ ಆಡುವುದರಿಂದಲೂ ಹೌದು. ‘ಅವತಾರ’, ‘ಐಕ್ಯ’ ಎಂಬ ಶಬ್ದಗಳು ಇಂಥವು. ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ಸೀಮೆಗಳಲ್ಲಿಯೂ ಹಿಂದೂಗಳು, ಲಿಂಗವಂತರು, ಮುಸಲ್ಮಾನರು, ಸಿಖ್ಖರು, ಕ್ರೈಸ್ತರು ಒಟ್ಟಾಗಿ ಬಾಳುತ್ತಿರುವುದರಿಂದ, ಕ್ರೈಸ್ತರು ಈ ಮಾತುಗಳಿಗೆ ಯಾವ ಅರ್ಥವನ್ನು ಕೊಡುತ್ತಾರೆಂಬುದನ್ನು ಅಲ್ಲಿಯ ನಿದರ್ಶನಗಳಿಂದಲೇ ವಿಚಾರಿಸೋಣ.

1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನುಡಿಗಳು ಬಳಕೆಯಲ್ಲಿವೆ. ಆದಿಯಲ್ಲಿ ದೇವರ ಬಳಿಯಲ್ಲಿದ್ದ ವಾಕ್ಯವು ಮನುಷ್ಯನಾಗಿ ಬಂದುದನ್ನು ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯವು ಹೇಳುತ್ತದೆ. ಮೂಲದ ಗ್ರೀಕ್ ಶಬ್ದಕ್ಕೆ ‘ಮಾಂಸ’ ಎಂದೇ ಅರ್ಥ. ಅದನ್ನು ತೆಲುಗಿನವರು ‘ಶರೀರಧಾರಿ’ ಎಂದರು. ಮರಾಠಿಯವರು ‘ದೇಹಿ’ ಎಂದರು. ಉರ್ದುವಿನವರು ‘ಮುಜಸ್ಸಮ್’, ಅಂದರೆ ಜಿಸ್ಮನ್ನು ತಾಳಿದ್ದು, ಎಂದರು. ಕನ್ನಡದ ಹಳೆಯ ಬೈಬಲ್ಲಿನಲ್ಲಿ ಮಾತ್ರ ‘ನರಾವತಾರ’ ಎಂದಿದೆ. ಉಳಿದ ಮೂರು ನುಡಿಗಳು ದೇಹವನ್ನು ಹೇಳಿದರೆ, ಕನ್ನಡವು ಇಳಿದು ಬರುವುದನ್ನು ಹೇಳಿತು. ಇದರಿಂದ ಆ ಮಾತು ಕನ್ನಡಿಗರ ಕಿವಿಗೆ ಸುಲಭವಾಗಿ ಹೊಕ್ಕಿತು. ಆದರೆ ಅದರ ಹಳೆಯ ಅರ್ಥವೂ ಜೊತೆಯಲ್ಲಿಯೇ ಬಂದಿತು.

ಆ ಹಳೆಯ ಅರ್ಥವನ್ನು ತಿಳಿಯಲು ಬೀದರಿನ ಝರಣಿ ನರಸಿಂಹ ಕ್ಷೇತ್ರಕ್ಕೆ ಹೋದರೆ ಸಾಕು. ಅಲ್ಲಿ ಭಕ್ತರು ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುವರು. ಪ್ರಹ್ಲಾದನನ್ನು ಕಾಯುವುದಕ್ಕಾಗಿ ವಿಷ್ಣುವು ಕಂಬವನ್ನೊಡೆದು ಬಂದನು. ಕಾರ್ಯ ಮುಗಿದ ಮೇಲೆ ಆ ರೂಪವನ್ನು ಉಪಸಂಹರಿಸಿದನು. ಧರ್ಮಕ್ಕೆ ಗ್ಲಾನಿಯಾದಾಗ ಮತ್ತೆ ಬೇರೆ ರೂಪದಿಂದ ಬರುವನು. ಕ್ರೈಸ್ತರು ಹೇಳುವುದು ಮೂರು ಅಂಶಗಳಲ್ಲಿ ಇದಕ್ಕಿಂತ ಭಿನ್ನವಾಗಿದೆ. ಒಂದನೆಯದಾಗಿ, ದೇವರು ಮನುಷ್ಯನಾದುದು ಒಂದೇ ಸಾರಿ. ಎರಡನೆಯದಾಗಿ, ಆತನು ತಾಯಿಯ ಗರ್ಭದಿಂದ ಹುಟ್ಟಿ, ಹಸಿದು, ದಣಿದು, ಅತ್ತು, ಯೂದಾಯದ ಅಧಿಪತಿಯಾದ ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಯ ಮೇಲೆ ನಿಜವಾಗಿ ಸತ್ತನು. ಮೂರನೆಯದಾಗಿ, ತಾಳಿದ ಮನುಷ್ಯತ್ವವನ್ನು ಪುನರುತ್ಥಾನದ ನಂತರವೂ ಕಳಚಲಿಲ್ಲ. ಇಂದಿಗೂ ಆತನು ಮನುಷ್ಯನೇ. ಈ ಮೂರನೆಯ ಅಂಶವನ್ನು ಹೊರಗಿನವರು ಗಮನಿಸುವುದು ಕಡಿಮೆ.

ಹಾಗಾದರೆ ಒಬ್ಬನೇ ದೇವರೂ ಮನುಷ್ಯನೂ ಆಗಿರುವುದು ಹೇಗೆ? ಈ ಪ್ರಶ್ನೆಯು ಕ್ರೈಸ್ತ ಸಭೆಯನ್ನು ನೂರಾರು ವರ್ಷ ಕಾಡಿತು. ಮಗನು ತಂದೆಯೊಡನೆ ಏಕತತ್ತ್ವವುಳ್ಳವನೆಂದು 325ರ ನಿಕೇಯ ಮಹಾಸಭೆಯೂ, ಒಬ್ಬನೇ ಕ್ರಿಸ್ತನಲ್ಲಿ ದೈವಸ್ವಭಾವವೂ ಮಾನವಸ್ವಭಾವವೂ ಬೆರೆಯದೆ, ಮಾರ್ಪಡದೆ, ಭಾಗವಾಗದೆ, ಅಗಲದೆ ಇವೆಯೆಂದು 451ರ ಖಾಲ್ಸೆಡೋನಿನ ಮಹಾಸಭೆಯೂ ನಿರ್ಣಯಿಸಿದುವು. ಬೀದರಿನವರಿಗೆ ಇದನ್ನು ತಿಳಿಸಲು ಬಿದರಿಯ ಹೂಜಿಯೊಂದು ನೆರವಾದೀತು. ಸತುವಿಗೆ ಸ್ವಲ್ಪ ತಾಮ್ರವನ್ನು ಸೇರಿಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸುವರು. ಬಳಿಕ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಲೇಪಿಸಿದರೆ ಎರಕವು ಕಪ್ಪಾಗುವುದು, ಬೆಳ್ಳಿ ಬೆಳ್ಳಗೇ ಉಳಿಯುವುದು. ಪಾತ್ರೆ ಒಂದೇ; ಲೋಹಗಳು ತಮ್ಮ ತಮ್ಮ ಗುಣವನ್ನು ಬಿಡಲಿಲ್ಲ. ಆದರೆ ಬೆಳ್ಳಿಯು ಮೇಲ್ಮೈಯಲ್ಲಿ ಮಾತ್ರ ನಿಲ್ಲುವುದರಿಂದ ಈ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಬೆಂಕಿಯಲ್ಲಿ ಕಾದ ಕಬ್ಬಿಣವನ್ನು ಪ್ರಾಚೀನ ಆಚಾರ್ಯರು ಉದಾಹರಿಸಿದುದು ಇದಕ್ಕಾಗಿಯೇ: ಬೆಂಕಿಯು ಕಬ್ಬಿಣವನ್ನೆಲ್ಲಾ ವ್ಯಾಪಿಸಿದರೂ ಕಬ್ಬಿಣವು ಕಬ್ಬಿಣವೇ.

ಭಕ್ತನು ದೇವರೊಡನೆ ಒಂದಾಗುವುದೂ ಈ ರೀತಿಯದೇ. ದೇವರು ಮನುಷ್ಯನ ಪಾಲನ್ನು ಸ್ವೀಕರಿಸಿದುದು ಮನುಷ್ಯನಿಗೆ ದೇವರ ಜೀವದಲ್ಲಿ ಪಾಲು ಕೊಡುವುದಕ್ಕಾಗಿ ಎಂಬುದು ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಅಥನೇಸಿಯಸ್ಸನ ಬೋಧೆಯ ತಿರುಳು. ದ್ರಾಕ್ಷಾಬಳ್ಳಿಯೂ ಕೊಂಬೆಗಳೂ ಎಂಬ ಯೇಸುವಿನ ಉಪಮಾನದಲ್ಲಿ ಕೊಂಬೆಯು ಬಳ್ಳಿಯ ರಸದಿಂದಲೇ ಬದುಕುತ್ತದೆ; ಆದರೂ ಕೊಂಬೆಯಾಗಿಯೇ ಇರುತ್ತದೆ. ಈ ಸಂಬಂಧಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ಅನ್ಯೋನ್ಯತೆ’ ಎಂಬ ಸೊಗಸಾದ ಶಬ್ದವಿದೆ. ಭಾಲ್ಕಿಯ ಮಠಗಳಲ್ಲಿಯೂ ಕಲ್ಯಾಣದಲ್ಲಿಯೂ ಷಟ್‌ಸ್ಥಲವನ್ನು ಕೇಳಿ ಬೆಳೆದವರಿಗೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಮೆಟ್ಟಿಲುಗಳ ತುದಿಯಲ್ಲಿರುವ ಐಕ್ಯವು ಪರಿಚಿತ. ಅಲ್ಲಿ ಲಿಂಗಾಂಗಗಳು ಸಮರಸವಾಗಿ ಭೇದವು ಅಳಿಯುವುದು. ಕ್ರೈಸ್ತನ ಅನ್ಯೋನ್ಯತೆಯಲ್ಲಿ ಅಗಲಿಕೆಯು ಅಳಿಯುವುದು; ಪ್ರೀತಿಸುವವನೂ ಪ್ರೀತಿಸಲ್ಪಡುವವನೂ ಇಬ್ಬರಾಗಿಯೇ ಉಳಿಯುವರು. ಎರಡೂ ಅನುಭಾವಗಳು ಎತ್ತರವಾದವು. ಒಂದನ್ನು ಇನ್ನೊಂದೆಂದರೆ ಎರಡಕ್ಕೂ ಅನ್ಯಾಯವಾಗುವುದು.

ಇದು ಪಂಡಿತರ ಚರ್ಚೆ ಮಾತ್ರವೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಈ ಸೀಮೆಯ ಗ್ರಾಮಗಳಲ್ಲಿ ಬೋಧಿಸಿದಾಗ, ಅವರಿಗೆ ಕಿವಿಗೊಟ್ಟವರಲ್ಲಿ ಬಹುಮಂದಿ ಊರ ಹೊರಗೆ ಇರಿಸಲ್ಪಟ್ಟಿದ್ದವರು. ಯಾರ ಮೈಯನ್ನು ಮುಟ್ಟಿದರೆ ಮೈಲಿಗೆಯೆಂದು ನೆರೆಯವರು ದೂರ ಸರಿಯುತ್ತಿದ್ದರೋ ಅಂಥವರಿಗೆ, ದೇವರು ಮನುಷ್ಯದೇಹವನ್ನೇ ತನ್ನದಾಗಿ ಮಾಡಿಕೊಂಡನು, ಕುಷ್ಠರೋಗಿಯನ್ನು ಕೈಯಾರೆ ಮುಟ್ಟಿದನು ಎಂಬ ಸುದ್ದಿಯು ತತ್ತ್ವವಾಗಿ ಮಾತ್ರವಲ್ಲ, ಮಾನವಾಗಿಯೂ ಕೇಳಿಸಿತು. ಪ್ರಭುಭೋಜನದಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವಾಗ ದೇವರೊಡನೆಯೂ ನೆರೆಯವನೊಡನೆಯೂ ಅನ್ಯೋನ್ಯತೆಯು ಒಂದೇ ಪಂಕ್ತಿಯಲ್ಲಿ ನಡೆಯಬೇಕು. ದೇವರೊಡನೆ ಒಂದಾದೆನೆನ್ನುವವನು ಪಕ್ಕದವನ ಜಾತಿಯನ್ನು ವಿಚಾರಿಸಿದರೆ ಅವನ ಮಾತು ಸುಳ್ಳಾಗುವುದು. ಕ್ರೈಸ್ತಸಭೆಗಳೊಳಗೂ ಜಾತಿಭೇದವು ತಲೆಯೆತ್ತಿದೆಯಾದುದರಿಂದ ಈ ತತ್ತ್ವವು ಮೊದಲು ಪರೀಕ್ಷಿಸುವುದು ಅದನ್ನು ನಂಬುವವರನ್ನೇ.

ಈ ನಂಬಿಕೆಯನ್ನು ಒಪ್ಪದ ನೆರೆಯವರೂ ಬೀದರಿನಲ್ಲಿ ಉಂಟು. ಮರ್ಯಮಳ ಮಗನಾದ ಈಸಾನನ್ನು ಕುರಾನು ಗೌರವಿಸುತ್ತದೆ. ಆದರೆ ಆತನು ಪ್ರವಾದಿಯೇ ಹೊರತು ದೇವರಲ್ಲವೆನ್ನುತ್ತದೆ. ನಾನಕ ಝೀರಾದಲ್ಲಿ ಸೇರುವ ಸಿಖ್ಖರಿಗೆ ದೇವರು ಜನ್ಮರಹಿತನು. ಆದರೆ ಅಷ್ಟೂರಿನಲ್ಲಿ, 1422ರಿಂದ 1436ರವರೆಗೆ ಆಳಿದ ಅಹಮದ್ ಶಹಾ ವಲಿಯ ಗೋರಿಯ ಉರುಸಿಗೆ ಜಂಗಮರೂ ಬರುವರು. ಆತನನ್ನು ಅಲ್ಲಮಪ್ರಭುವೆಂದೇ ಭಾವಿಸುವವರೂ ಉಂಟು. ಹೀಗೆ ಮಾತುಗಳು ಹೊಸ್ತಿಲು ದಾಟಿ ಸಂಚರಿಸುವ ನಾಡಿನಲ್ಲಿ, ನೆರೆಯವನು ‘ಅವತಾರ’ ಎಂದಾಗ ಅದು ಯಾವ ಅವತಾರವೆಂದು ನಾವು ಅವನನ್ನೇ ಕೇಳಿ ತಿಳಿಯುವುದು ಮೇಲು.